ಇಶಿಯ ಬಿಲ್ಲು

ಒಂದು ಹಸಿ ಕಡ್ಡಿ ತಗೊಳ್ಳಿ. ಎರಡೂ ತುದಿ ಹಿಡಿದು ನಿಧಾನವಾಗಿ ಬಗ್ಗಿಸಿ. ಇನ್ನೂ ಬಗ್ಗಿಸಿ. ಎಲ್ಲಿ ಸೀಳಿತು? ಹೊರಮೈಯಲ್ಲಿ ಅಲ್ಲವೇ? ಬಗ್ಗಿಸಿದಾಗ ಒಳಮೈ ಕುಗ್ಗುತ್ತದೆ. ಹೊರಮೈ ಹಿಗ್ಗುತ್ತದೆ. ಹಿಗ್ಗಲಾರದೆ ಸೀಳುತ್ತದೆ.

ಬಿಲ್ಲು ಮುರಿಯುವುದೂ ಹೀಗೇ. ಗುರಿಯ ಕಡೆಗಿರುವ ಮೈಯನ್ನು ಬಿಲ್ಲಿನ ಬೆನ್ನು ಅನ್ನೋಣ. ಹೆದೆ ಎಳೆದಾಗ ಬೆನ್ನು ಹಿಗ್ಗಬೇಕು. ಆದರೆ ಮರ ಹಿಗ್ಗುವುದು ಬಹಳ ಕಡಿಮೆ. ಬಿಲ್ಲು ಗಿಡ್ಡವಾದಷ್ಟೂ ಕಷ್ಟ ಹೆಚ್ಚು. ಪೊದೆಯಲ್ಲಿ ನುಸುಳುವ ಬೇಟೆಗಾರನಿಗೆ, ಕುದುರೆ ಸವಾರನಿಗೆ ಗಿಡ್ಡ ಬಿಲ್ಲೇ ಬೇಕು. ಏನು ಮಾಡೋದು?

ಉಪಾಯ ಸಿಕ್ಕಿದ್ದು ಪ್ರಾಣಿಯ ಮೈಯಲ್ಲೇ. ನಿಮ್ಮ ಹಿಮ್ಮಡಿಯ ಮೇಲ್ಭಾಗ ಮುಟ್ಟಿ ನೋಡಿ. ಹಗ್ಗದ ಹಾಗೆ ಗಟ್ಟಿ ನರ ಸಿಗುತ್ತೆ. ಅದು ಮಾಂಸವನ್ನು ಮೂಳೆಗೆ ಬಿಗಿಯುವ ನರ. ಪುಸ್ತಕದವರು ಸ್ನಾಯುರಜ್ಜು ಅನ್ನುತ್ತಾರೆ. ನಮಗೆ ನರ ಅಂದರೆ ಸಾಕು. ಇಂಥ ನರ ಮರಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ. ಅದನ್ನು ಬೆನ್ನಿಗೆ ಅಂಟಿಸಿದರೆ ಎಳೆತವನ್ನು ಅದೇ ಹೊರುತ್ತದೆ. ತುರ್ಕಿ, ಮಂಗೋಲಿಯಾ, ಕೊರಿಯಾ ದೇಶಗಳ ಬಿಲ್ಲುಗಾರರು ಹೀಗೆ ಮಾಡಿದರು. ಅಮೆರಿಕದ ಮೂಲನಿವಾಸಿಗಳೂ ಮಾಡಿದರು.

ಅವರಲ್ಲಿ ಒಬ್ಬರು ಇಶಿ. ಕ್ಯಾಲಿಫೋರ್ನಿಯಾದ ಯಾಹಿ ಜನ. ಅಲ್ಲಿ ಚಿನ್ನ ಸಿಕ್ಕಿದ ಮೇಲೆ ಬಿಳಿಯರು ಗುಂಪುಗುಂಪಾಗಿ ಬಂದರು. 1860ರ ದಶಕದಲ್ಲಿ ಯಾಹಿ ಜನರನ್ನು ಹುಡುಕಿ ಹುಡುಕಿ ಕೊಂದರು. ಉಳಿದ ಕೆಲವರು ಸುಮಾರು ನಲವತ್ತು ವರ್ಷ ಕಾಡಿನಲ್ಲಿ ಅಡಗಿ ಬದುಕಿದರು. 1911ರ ಆಗಸ್ಟ್‌ನಲ್ಲಿ ಓರೊವಿಲ್ ಊರಿನ ಹತ್ತಿರ ಒಬ್ಬರೇ ಒಬ್ಬರು ಹೊರಗೆ ಬಂದರು. ಹೊಟ್ಟೆಗಿಲ್ಲದೆ ಬಡವಾಗಿದ್ದರು. ಅವರು ತಮ್ಮ ಹೆಸರು ಹೇಳಲಿಲ್ಲ. ಹಾಗಾಗಿ ಜನ ಇಶಿ ಎಂದು ಕರೆದರು. ಅವರ ಮಾತಿನಲ್ಲಿ ಇಶಿ ಅಂದರೆ ಮನುಷ್ಯ.

ಇಶಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ವಸ್ತುಸಂಗ್ರಹಾಲಯದಲ್ಲಿ ಇರಿಸಿದರು. ಅಲ್ಲಿ ಸ್ಯಾಕ್ಸ್‌ಟನ್ ಪೋಪ್ ಎಂಬ ಡಾಕ್ಟರ ಸ್ನೇಹವಾಯಿತು. ಡಾಕ್ಟರು ಶಿಷ್ಯ, ಇಶಿ ಗುರು!

ಇಶಿಯ ಬಿಲ್ಲು ಮೂರೂವರೆ ಅಡಿ ಉದ್ದ. ಜುನಿಪರ್ ಎಂಬ ಬೆಟ್ಟದ ಮರದ್ದು. ಮರವನ್ನು ಮರಳುಗಲ್ಲಿನಿಂದ ಉಜ್ಜಿ ರೂಪ ಕೊಡುತ್ತಿದ್ದರು. ಕತ್ತಲೆಯ ಒಣ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟು ಒಣಗಿಸುತ್ತಿದ್ದರು. ಅಂಟಿಗೆ ಸಾಲ್ಮನ್ ಮೀನಿನ ಚರ್ಮ ಬೇಯಿಸುತ್ತಿದ್ದರು. ಬೆನ್ನನ್ನು ತರಿತರಿ ಮಾಡಿ ಅಂಟು ಬಳಿಯುತ್ತಿದ್ದರು. ಆಮೇಲೆ ಜಿಂಕೆಯ ಕಾಲಿನ ನರ. ಅದನ್ನು ಬಾಯಲ್ಲಿ ಅಗಿದು ಅಗಿದು ಮೆತ್ತಗೆ ಮಾಡಿ ಎಳೆ ಬಿಡಿಸುತ್ತಿದ್ದರು. ಒಂದರ ತುದಿಯ ಮೇಲೆ ಇನ್ನೊಂದರ ತುದಿ ಬರುವಂತೆ ದಪ್ಪಗೆ ಕೂಡಿಸುತ್ತಿದ್ದರು. ಮೇಲೆ ವಿಲ್ಲೋ ಮರದ ತೊಗಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಿದ್ದರು. ಕೆಲವು ದಿನ ಬಿಟ್ಟು ಪಟ್ಟಿ ಬಿಚ್ಚುತ್ತಿದ್ದರು. ನರದ ಮೇಲೆ ಮತ್ತೆ ಅಂಟು, ಮತ್ತೆ ಉಜ್ಜುವುದು. ಅವಸರ ಮಾಡಿದರೆ ಈ ಕೆಲಸ ಕೆಟ್ಟಂತೆಯೇ. ಒಣಗುವಾಗ ನರ ಕುಗ್ಗುತ್ತದೆ. ಬಿಲ್ಲನ್ನು ಬೆನ್ನಿನ ಕಡೆಗೆ ಎಳೆಯುತ್ತದೆ. ಇದರಿಂದ ಬಿಲ್ಲಿನ ಬಲ ಹೆಚ್ಚುತ್ತದೆ.

ಬೇರೆ ಕಡೆ ದನ, ಜಿಂಕೆಗಳ ಚರ್ಮದ ಅಂಟು ಬಳಸುತ್ತಾರೆ. ನಮ್ಮ ಬಡಗಿಗಳ ಮರವಜ್ರ ಗೊತ್ತಲ್ಲ? ಅದೇ ಜಾತಿಯದು. ನರದಲ್ಲೂ ಚರ್ಮದಲ್ಲೂ ಇರುವ ಮುಖ್ಯ ವಸ್ತು ಒಂದೇ, ಕೊಲಾಜೆನ್. ಹಾಗಾಗಿ ಅಂಟೂ ನರವೂ ಒಂದಾಗಿ ಬೆರೆಯುತ್ತವೆ. ಅಂಟನ್ನು ಕೊತಕೊತ ಕುದಿಸಬಾರದು, ಬಲ ಹೋಗುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಅಂಟಿನ ಪಾತ್ರೆ ಇಟ್ಟು ಕರಗಿಸಬೇಕು.

ಇದಕ್ಕೆ ಶತ್ರು ನೀರು. ಮಳೆಗೆ ನೆನೆದರೆ ಅಂಟು ಮೆತ್ತಗಾಗುತ್ತದೆ, ನರ ಸಡಿಲವಾಗುತ್ತದೆ. ಇನ್ನೊಂದು ಮಾತು. ಬಳಸದಾಗ ಹೆದೆ ಏರಿಸಿಯೇ ಇಡಬಾರದು. ಇಶಿ ಈ ನಿಯಮ ತಪ್ಪುತ್ತಿರಲಿಲ್ಲ.

1916ರ ಮಾರ್ಚ್ 25ರಂದು ಇಶಿ ಕ್ಷಯದಿಂದ ತೀರಿಕೊಂಡರು. ಪೆಟ್ಟಿಗೆಯಲ್ಲಿ ಅವರ ಜೊತೆ ಒಂದು ಬಿಲ್ಲು, ಐದು ಬಾಣ ಇಟ್ಟು ದಹನ ಮಾಡಿದರು. ಅವರು ಕಲಿಸಿದ್ದನ್ನು ಪೋಪ್ 1923ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಅದನ್ನು ಓದಿ ಈಗಲೂ ಬಿಲ್ಲು ಮಾಡುವವರಿದ್ದಾರೆ.