ಮನೆಗೆ ಬಂದ ನೋಟಿಸು: ಎರಡು ಪಾಠಗಳ ಅನುಭವ

ಅಭ್ಯಾಸ ಬೋಧನೆಗೆ ತಿಕೋಟಾದ ಪ್ರೌಢಶಾಲೆಗೆ ಹೋದಾಗ ನನಗೆ ಬಂದದ್ದು ಹತ್ತನೆಯ ತರಗತಿಯ ಬ್ಯಾಂಕ್ ವ್ಯವಹಾರಗಳ ಪಾಠ. ಬೋಧನೋಪಕರಣವಾಗಿ ಪತ್ರಿಕೆಯಲ್ಲಿ ಬಂದ ಒಂದು ‘ಸ್ವಾಧೀನ ಸೂಚನೆ’ ಒಯ್ದಿದ್ದೆ. ಸಾಲಗಾರರ ಹೆಸರು, ಊರು ಕತ್ತರಿಸಿದ್ದೆ; ಅಷ್ಟು ಎಚ್ಚರ ಇತ್ತು.

“ನೋಟಿಸ್ ಬಂತಂದ್ರ ಮನಿ ಹೋದಂಗ ಅಲ್ರೀ ಸರ್?” ಎಂದ ಹಿಂದಿನ ಬೆಂಚಿನ ಹುಡುಗ. ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಕಪ್ಪುಹಲಗೆಯ ಮೇಲೆ ಉದ್ದ ಗೆರೆ ಎಳೆದು ದಿನಗಳನ್ನು ಗುರುತಿಸುತ್ತ ಹೋದೆ.

ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಅನುತ್ಪಾದಕ ಆಸ್ತಿ ಎನಿಸುತ್ತದೆ. ಆಗ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯ 13(2)ನೆಯ ಕಲಮಿನಂತೆ ನೋಟಿಸು ಕೊಟ್ಟು, 60 ದಿನಗಳಲ್ಲಿ ಪೂರ್ತಿ ಬಾಕಿ ಕಟ್ಟಲು ಹೇಳುತ್ತದೆ. ಸಾಲಗಾರ ಬರಹದಲ್ಲಿ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನಗಳೊಳಗೆ ಉತ್ತರಿಸಬೇಕು. ಈ ಅರ್ಜಿ ಬರೆಯಲು ವಕೀಲರೇ ಬೇಕೆಂದಿಲ್ಲ. 60 ದಿನ ಕಳೆದರೆ ಸ್ವಾಧೀನ. ಸಾಮಾನ್ಯವಾಗಿ ಮೊದಲು ಬಾಗಿಲಿಗೆ ಸೂಚನೆ ಅಂಟಿಸಿ, ಎರಡು ಪತ್ರಿಕೆಗಳಲ್ಲಿ ಹಾಕಿಸುವ ಸಾಂಕೇತಿಕ ಸ್ವಾಧೀನ ಅಷ್ಟೆ. ಮನೆಯವರು ಒಳಗೇ ಇರುತ್ತಾರೆ. ಮನೆ ಖಾಲಿ ಮಾಡಿಸಲು ಬ್ಯಾಂಕು ಜಿಲ್ಲಾ ದಂಡಾಧಿಕಾರಿಯ ನೆರವು ಕೇಳಬಹುದು. ಕ್ರಮ ತಪ್ಪೆನಿಸಿದರೆ ಸಾಲಗಾರ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಅದು ಇರುವುದು ಬೆಂಗಳೂರಿನಲ್ಲಿ. ನಮ್ಮ ಕಡೆಯವರಿಗೆ ಒಂದು ರಾತ್ರಿಯ ಪ್ರಯಾಣ. ಮೊದಲ ಹರಾಜಿಗೆ 30 ದಿನಗಳ ಮುನ್ಸೂಚನೆ ಬೇಕು.

ಬ್ಯಾಂಕಿಗೆ ಇಷ್ಟು ಅಧಿಕಾರ ಏಕೆ ಎಂದು ಕೇಳಿದೆ. ಒಬ್ಬ ಹುಡುಗಿ, “ಅದರಾಗ ನಮ್ಮ ಆಯಿ ಇಟ್ಟ ರೊಕ್ಕಾನೂ ಇರ್ತದಲ್ರೀ” ಎಂದಳು. ನನ್ನ ಯೋಜನೆಯಲ್ಲಿದ್ದ ಅರ್ಧ ಪುಟದ ವಿವರಣೆ ಬೇಕಾಗಲಿಲ್ಲ.

ಅದೇ ಹುಡುಗ ಮತ್ತೆ ಕೇಳಿದ: “ಲಿಲಾವ ಆಗೂ ದಿನಾ ರೊಕ್ಕಾ ತುಂಬಿದ್ರ ನಡೀತೈತೇನ್ರೀ?” ನಡೆಯುತ್ತದೆ ಎಂದುಬಿಟ್ಟೆ.

ಸಂಜೆ ವಿಜಯಪುರಕ್ಕೆ ಬಂದು ಮಾರ್ಗದರ್ಶಕರಿಗೆ ಪಾಠ ಟಿಪ್ಪಣಿ ತೋರಿಸಿದಾಗ ಅವರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದರು. ನಾನು ಓದಿದ್ದು ಹಳೆಯ ಪುಸ್ತಕ. 2016ರ ತಿದ್ದುಪಡಿಯ ನಂತರ, ಪೂರ್ತಿ ಬಾಕಿ ಮತ್ತು ಖರ್ಚು ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಡುವ ತನಕ ಮಾತ್ರ. ನನ್ನ ಮಾತು ನಂಬಿ ಯಾರಾದರೂ ಆ 30 ದಿನ ಕಾದರೆ? ಮರುದಿನ ಬೆಳಗ್ಗೆ ತಿಕೋಟಾಕ್ಕೆ ಹೋಗಿ, ನಿನ್ನೆ ಹೇಳಿದ್ದು ತಪ್ಪು ಎಂದು ಹಲಗೆಯ ಮೇಲೆ ತಿದ್ದಿ ಬರೆದೆ. ಹುಡುಗ ಅದನ್ನು ವಹಿಯ ಕೊನೆಯ ಪುಟದಲ್ಲಿ ಬರೆದುಕೊಂಡ. ಯಾರ ಮನೆಯ ಮಾತು ಎಂದು ನಾನು ಕೇಳಲಿಲ್ಲ.

ಮುಂದಿನ ವಾರ ಬಬಲೇಶ್ವರದಲ್ಲಿ ಇದೇ ಪಾಠವನ್ನು ಲೆಕ್ಕದಿಂದ ಆರಂಭಿಸಿದೆ. ಮನೆ 14 ಲಕ್ಷಕ್ಕೆ ಹೋಯಿತು. ಸಾಲ, ಬಡ್ಡಿ, ಖರ್ಚು ಸೇರಿ 9.5 ಲಕ್ಷ. ಉಳಿದ 4.5 ಲಕ್ಷ ಯಾರದು? ಹೆಚ್ಚಿನವರು ಬ್ಯಾಂಕಿನದು ಎಂದರು. ಅದು ಮನೆಯವರದು, ಹರಾಜಿನ ಹಣ ಸಾಲದದಿದ್ದರೆ ಬ್ಯಾಂಕು ಉಳಿದದ್ದನ್ನೂ ಕೇಳಬಹುದು ಎಂದು ಬಿಡಿಸಿ ಹೇಳಿದೆ.

“ಹಂಗಾರ ದ್ರಾಕ್ಷಿ ತ್ವಾಟಾನೂ ಹಿಂಗ ಹೋಗ್ತದೇನ್ರೀ?” ಎಂಬ ಪ್ರಶ್ನೆಗೆ ಈ ಸಲ ಓದಿಕೊಂಡೇ ಹೋಗಿದ್ದೆ. ಕೃಷಿ ಜಮೀನಿನ ಅಡಮಾನಕ್ಕೆ ಸರ್ಫೇಸಿ ಅನ್ವಯಿಸದು. ಅದರ ಸಾಲ ವಸೂಲಿಗೆ ಬ್ಯಾಂಕು ಬೇರೆ ಕಾನೂನಿನ ದಾರಿ ಹಿಡಿಯಬೇಕು.