ಕಾಲಾ ಅಜಾರ್ ಮತ್ತು ಡಾ. ಉಪೇಂದ್ರನಾಥ ಬ್ರಹ್ಮಚಾರಿ

ಮಾನವ ಶರೀರವನ್ನು ಆಶ್ರಯಿಸಿ ಬದುಕುವ ಪರೋಪಜೀವಿಗಳು ಅನೇಕ ರೋಗಗಳಿಗೆ ಕಾರಣವಾಗಿವೆ. ಅವುಗಳಲ್ಲಿ ಕಾಲಾ ಅಜಾರ್ ಅತ್ಯಂತ ಮಾರಕವಾದ ರೋಗಗಳಲ್ಲೊಂದು. ವಾರಗಟ್ಟಲೆ ಬಿಡದ ಜ್ವರ, ಊದಿಕೊಂಡ ಗುಲ್ಮ ಮತ್ತು ಯಕೃತ್ತು, ರಕ್ತಹೀನತೆ, ದಿನೇ ದಿನೇ ಕೃಶವಾಗುವ ದೇಹ, ಕಪ್ಪಿಡುವ ಚರ್ಮ—ಇವು ಇದರ ಲಕ್ಷಣಗಳು. ಚಿಕಿತ್ಸೆ ದೊರೆಯದಿದ್ದಲ್ಲಿ ನೂರು ರೋಗಿಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಸಾವಿಗೀಡಾಗುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ರೋಗವು ಅಸ್ಸಾಮಿನ ಹಲವು ಗ್ರಾಮಗಳನ್ನು ಬರಿದು ಮಾಡಿತು. ಇದನ್ನು ಮಲೇರಿಯದ ಉಗ್ರರೂಪವೆಂದು ಭಾವಿಸಿ ಕ್ವಿನೈನ್ ನೀಡಲಾಗುತ್ತಿತ್ತಾದರೂ ರೋಗ ಗುಣವಾಗುತ್ತಿರಲಿಲ್ಲ.

ರೋಗಾಣುವಿನ ಪತ್ತೆ

1903ರಲ್ಲಿ ಈ ರೋಗದ ನಿಜವಾದ ಕಾರಣ ತಿಳಿದುಬಂದಿತು. ಕಲ್ಕತ್ತೆಯ ಬಳಿಯ ಡಮ್‌ಡಮ್‌ನಲ್ಲಿ ಸೇವೆ ಸಲ್ಲಿಸಿ, ಜ್ವರದಿಂದ ಮೃತನಾದ ಸೈನಿಕನೊಬ್ಬನ ಗುಲ್ಮದಲ್ಲಿ ತಾವು ಕಂಡಿದ್ದ ಸೂಕ್ಷ್ಮಜೀವಿಯನ್ನು ವಿಲಿಯಂ ಲೀಷ್‌ಮನ್ ಆ ವರ್ಷ ವರ್ಣಿಸಿದರು. ಅದೇ ವರ್ಷ ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಾರ್ಲ್ಸ್ ಡೊನೊವನ್ ಸಹ ಅದನ್ನು ರೋಗಿಗಳಲ್ಲಿ ಕಂಡರು. ಇಬ್ಬರ ಹೆಸರನ್ನೂ ಸೇರಿಸಿ ಆ ಜೀವಿಗೆ ‘ಲೀಷ್‌ಮೇನಿಯ ಡೊನೊವಾನಿ’ ಎಂದು ನಾಮಕರಣ ಮಾಡಲಾಯಿತು. ಶತ್ರುವಿನ ಗುರುತು ಸಿಕ್ಕಿತಾದರೂ ಅದನ್ನು ಕೊಲ್ಲುವ ಸುರಕ್ಷಿತ ಔಷಧ ಇರಲಿಲ್ಲ.

ಗಣಿತ, ರಸಾಯನ, ವೈದ್ಯ

ಉಪೇಂದ್ರನಾಥ ಬ್ರಹ್ಮಚಾರಿಯವರು 1873ರಲ್ಲಿ ಜನಿಸಿದರು. ಅವರ ತಂದೆ ರೈಲ್ವೆ ವೈದ್ಯರಾಗಿದ್ದರು. ಉಪೇಂದ್ರನಾಥರು ಗಣಿತ ಮತ್ತು ರಸಾಯನಶಾಸ್ತ್ರಗಳನ್ನು ಅಭ್ಯಸಿಸಿ, ಅನಂತರ ವೈದ್ಯಕೀಯ ಪದವಿಗಳನ್ನು ಪಡೆದರು. ಢಾಕಾದಲ್ಲಿ ಕೆಲಕಾಲ ಬೋಧಿಸಿ, 1905ರಲ್ಲಿ ಕಲ್ಕತ್ತೆಯ ಕ್ಯಾಂಪ್‌ಬೆಲ್ ವೈದ್ಯಶಾಲೆಯನ್ನು ಸೇರಿದರು. ಅಲ್ಲಿ ಅವರಿಗೆ ದೊರೆತದ್ದು ಅನಿಲದ ಸಂಪರ್ಕವಾಗಲಿ ನೀರಿನ ನಲ್ಲಿಯಾಗಲಿ ಇಲ್ಲದ ಒಂದು ಚಿಕ್ಕ ಕೋಣೆ. ರಾತ್ರಿಯ ಕೆಲಸ ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ ನಡೆಯಬೇಕಿತ್ತು.

1915ರ ವೇಳೆಗೆ ಆಂಟಿಮನಿ ಲೋಹದ ಟಾರ್ಟರ್ ಲವಣಗಳನ್ನು ಈ ರೋಗಕ್ಕೆ ಬಳಸಲು ಆರಂಭಿಸಲಾಗಿತ್ತು. ಆದರೆ ಆ ಚಿಕಿತ್ಸೆ ತಿಂಗಳುಗಟ್ಟಲೆ ಸಾಗುತ್ತಿತ್ತು. ಔಷಧದ ವಿಷಗುಣವೇ ಅನೇಕ ರೋಗಿಗಳನ್ನು ಬಾಧಿಸುತ್ತಿತ್ತು. ಅಟಾಕ್ಸಿಲ್ ಎಂಬ ಔಷಧದಲ್ಲಿ ಆರ್ಸೆನಿಕ್ ಧಾತುವು ಸಾವಯವ ಸಂಯುಕ್ತದ ರೂಪದಲ್ಲಿರುವುದನ್ನು ಬ್ರಹ್ಮಚಾರಿಯವರು ಗಮನಿಸಿದರು. ಆರ್ಸೆನಿಕ್‌ನ ಸ್ಥಾನದಲ್ಲಿ ಆಂಟಿಮನಿಯನ್ನಿರಿಸಿದರೆ ಪರಿಣಾಮ ಹೇಗಿರಬಹುದೆಂಬುದು ಅವರ ಪ್ರಶ್ನೆಯಾಗಿತ್ತು. ಒಂದರ ನಂತರ ಒಂದರಂತೆ ಸಂಯುಕ್ತಗಳನ್ನು ತಯಾರಿಸಿ ಪರೀಕ್ಷಿಸಿದ ಫಲವಾಗಿ, 1920ರಲ್ಲಿ ಯೂರಿಯದೊಡನೆ ಕೂಡಿಸಿದ ಒಂದು ಆಂಟಿಮನಿ ಸಂಯುಕ್ತ ಸಿದ್ಧವಾಯಿತು. ಅದೇ ‘ಯೂರಿಯ ಸ್ಟಿಬಮೀನ್’. ಚಿಕಿತ್ಸೆಯ ಅವಧಿ ತಿಂಗಳುಗಳಿಂದ ಕೆಲವೇ ವಾರಗಳಿಗೆ ಇಳಿಯಿತು. ಅಸ್ಸಾಮಿನಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಈ ಔಷಧವು ಅಸಂಖ್ಯ ಜೀವಗಳನ್ನು ಉಳಿಸಿತು.

ಗುಣವಾದ ಮೇಲೆ ಉಳಿದ ಪ್ರಶ್ನೆ

ಸಫಲವಾದ ಔಷಧವೊಂದು ಕೈಸೇರಿದ ಮೇಲೂ ಬ್ರಹ್ಮಚಾರಿಯವರು ರೋಗಿಗಳ ಮೇಲಿನ ದೃಷ್ಟಿಯನ್ನು ಸಡಿಲಿಸಲಿಲ್ಲ ಎಂಬುದು ವಿಶೇಷವಾಗಿ ಗಮನಾರ್ಹ. ಜ್ವರ ಬಿಟ್ಟು ಆರೋಗ್ಯವಂತರಾದ ಕೆಲವರ ಚರ್ಮದ ಮೇಲೆ ಕಾಲಾನಂತರದಲ್ಲಿ ಮಚ್ಚೆಗಳೂ ಗಂಟುಗಳೂ ಕಾಣಿಸಿಕೊಂಡಿದ್ದವು. ಅವುಗಳನ್ನು ಪರೀಕ್ಷಿಸಿದಾಗ ಅದೇ ಪರೋಪಜೀವಿ ಗೋಚರಿಸಿತು. 1922ರಲ್ಲಿ ಅವರು ಈ ಸ್ಥಿತಿಯನ್ನು ವರ್ಣಿಸಿದರು. ಇಂತಹ ವ್ಯಕ್ತಿಗೆ ನೋವಿರುವುದಿಲ್ಲ, ಜ್ವರವೂ ಇರುವುದಿಲ್ಲ. ಆದುದರಿಂದ ಆತ ವೈದ್ಯರ ಬಳಿ ಹೋಗುವುದು ವಿರಳ. ಆದರೆ ಆತನ ಚರ್ಮದಲ್ಲಿ ರೋಗಾಣು ಜೀವಂತವಾಗಿರುತ್ತದೆ.

ಈ ಮಾಹಿತಿಯ ಪೂರ್ಣ ಮಹತ್ವ ತಿಳಿದದ್ದು ರೋಗ ಹರಡುವ ಬಗೆ ಖಚಿತವಾದ ಮೇಲೆ. 1942ರಲ್ಲಿ ಸ್ವಾಮಿನಾಥ್, ಷಾರ್ಟ್ ಮತ್ತು ಆಂಡರ್ಸನ್ ಅವರು ಮರಳುನೊಣದ ಕಡಿತದಿಂದ ರೋಗವು ಮನುಷ್ಯರಿಗೆ ಹರಡುವುದನ್ನು ಪ್ರಯೋಗದಿಂದ ಸಿದ್ಧಪಡಿಸಿದರು. ಮಣ್ಣಿನ ಗೋಡೆಯ ತೇವದ ಬಿರುಕುಗಳಲ್ಲಿ, ದನದ ಕೊಟ್ಟಿಗೆಗಳಲ್ಲಿ ಈ ನೊಣ ಬೆಳೆಯುತ್ತದೆ. ಚರ್ಮದಲ್ಲಿ ರೋಗಾಣು ಉಳಿದವನನ್ನು ಕಡಿದ ನೊಣವು ಅದನ್ನು ಬೇರೊಬ್ಬರಿಗೆ ಒಯ್ಯಬಲ್ಲದು.

1929ರಲ್ಲಿ ಬ್ರಹ್ಮಚಾರಿಯವರ ಹೆಸರನ್ನು ನೊಬೆಲ್ ಪಾರಿತೋಷಕಕ್ಕೆ ಸೂಚಿಸಲಾಗಿತ್ತಾದರೂ ಅದು ಅವರಿಗೆ ಲಭಿಸಲಿಲ್ಲ. 1936ರಲ್ಲಿ ಅವರು ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1946ರಲ್ಲಿ ನಿಧನ ಹೊಂದಿದರು.

ಇಂದಿಗೂ ಉಳಿದಿರುವ ಪಾಠ

ಮಲೇರಿಯ ನಿಯಂತ್ರಣಕ್ಕಾಗಿ 1950ರ ದಶಕದಲ್ಲಿ ಸಿಂಪಡಿಸಿದ ಡಿ.ಡಿ.ಟಿ.ಯಿಂದ ಮರಳುನೊಣಗಳೂ ನಾಶವಾಗಿ ಕಾಲಾ ಅಜಾರ್ ಬಹುಮಟ್ಟಿಗೆ ಮರೆಯಾಗಿತ್ತು. ಸಿಂಪರಣೆ ನಿಂತ ಮೇಲೆ, 1970ರ ದಶಕದಲ್ಲಿ ಬಿಹಾರದಲ್ಲಿ ರೋಗ ಮರಳಿತು. ಕಾಲಕ್ರಮದಲ್ಲಿ ಅಲ್ಲಿನ ರೋಗಾಣು ಆಂಟಿಮನಿ ಔಷಧಗಳಿಗೆ ಬಗ್ಗದಾಯಿತು. ಬೇರೆ ಔಷಧಗಳನ್ನು ಆಶ್ರಯಿಸಬೇಕಾಯಿತು. ಪ್ರತಿ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬ ಗುರಿಯನ್ನು ರೋಗಪೀಡಿತ ಬ್ಲಾಕುಗಳೆಲ್ಲವೂ 2023ರ ವೇಳೆಗೆ ತಲುಪಿದವು.

ಆದರೆ ರೋಗ ವಿರಳವಾದಾಗಲೇ ಎಚ್ಚರ ತಪ್ಪುವ ಸಂಭವ ಹೆಚ್ಚು. ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ ಮತ್ತು ಉತ್ತರ ಪ್ರದೇಶದ ಪೂರ್ವಭಾಗಗಳಲ್ಲಿ ವಾಸಿಸಿದವರಿಗೆ ಎರಡು ವಾರಕ್ಕೂ ಮೀರಿ ಜ್ವರವಿದ್ದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸುವುದು ಅಗತ್ಯ. ಹಿಂದೆ ಈ ರೋಗದಿಂದ ಗುಣಹೊಂದಿದವರು ಚರ್ಮದ ಮೇಲೆ ಬಿಳಿಚಿದ ಮಚ್ಚೆ ಅಥವಾ ಗಂಟು ಕಂಡೊಡನೆ ವೈದ್ಯರಿಗೆ ತೋರಿಸತಕ್ಕದ್ದು. ಗುಣಹೊಂದಿದ ರೋಗಿಯನ್ನೂ ಮರೆಯದೆ ಪರೀಕ್ಷಿಸಿದ ವಿಜ್ಞಾನಿಯೊಬ್ಬರು ಶತಮಾನದ ಹಿಂದೆ ತೋರಿಸಿಕೊಟ್ಟ ಮಾರ್ಗವಿದು.