ಎದೆಯುರಿಗೆ ಎಂಡೋಸ್ಕೋಪಿ: ಮಾಡಬೇಕಾದ್ದು, ಮಾಡಬಾರದ್ದು

ಶ್ರೀರಾಂಪುರ ಹೋಬಳಿಯ ಎಲ್ಲ ಊರಿನವರ ಗಮನಕ್ಕೆ

ಎದೆಯುರಿ, ಹುಳಿತೇಗು, ಮಲಗಿದರೆ ಗಂಟಲಿಗೆ ನುಗ್ಗುವ ಹುಳಿನೀರು. ಇದಕ್ಕೆ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಪೈಪ್ ಬಿಟ್ಟು ನೋಡಿಸಿಕೊಂಡು ಬನ್ನಿ ಎಂದು ಡಾಕ್ಟರು ಬರೆದುಕೊಟ್ಟರೆ ನಮ್ಮವರು ಹೆಚ್ಚಾಗಿ ಚಿತ್ರದುರ್ಗಕ್ಕೋ ದಾವಣಗೆರೆಗೋ ಹೊರಡುತ್ತಾರೆ. ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಪರೀಕ್ಷೆಯ ಹಣ. ಇಷ್ಟೆಲ್ಲ ಕಳೆದಮೇಲೆ ಪರೀಕ್ಷೆ ಪೂರ್ತಿ ಫಲ ಕೊಡಬೇಕು. ಅದು ಡಾಕ್ಟರ ಕೈಯಲ್ಲಿ ಎಷ್ಟಿದೆಯೋ ಹೋಗುವವರ ಕೈಯಲ್ಲೂ ಅಷ್ಟೇ ಇದೆ.

ಮೊದಲು ಎದೆನೋವಿನ ಮಾತು

ಎದೆನೋವನ್ನು ನೀವೇ ಗ್ಯಾಸ್ ಎಂದು ತೀರ್ಮಾನಿಸಬೇಡಿ. ಎದೆ ಹಿಂಡಿದಂತಾಗಿ ಬೆವರು ಕಿತ್ತುಬಂದರೆ, ನೋವು ಎಡಗೈಗೋ ದವಡೆಗೋ ಹರಿದರೆ, ನಡೆದಾಗ ಹೆಚ್ಚಾಗಿ ಕೂತಾಗ ಇಳಿದರೆ ಸೋಡಾ, ಈನೋ ಕುಡಿದು ಕಾಯಬಾರದು. 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಹೃದಯಾಘಾತದಲ್ಲೂ ಬರೀ ಎದೆಯುರಿಯೇ ಕಾಣಿಸಬಹುದು. ರಾಜ್ಯ ಸರ್ಕಾರ 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದದ್ದೇ ಹಳ್ಳಿಯವರ ಹೃದಯಾಘಾತ ಇಸಿಜಿಯಲ್ಲಿ ಬೇಗ ಸಿಕ್ಕಿಬೀಳಲಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಹತ್ತಿರದಲ್ಲೇ ಸಿಗಲಿ ಎಂದು. ಹೃದಯದ ಅನುಮಾನ ತೀರಿದ ಮೇಲಷ್ಟೇ ಎಂಡೋಸ್ಕೋಪಿಯ ಮಾತು.

ಯಾರು ಹೋಗಬೇಕು, ಯಾರು ಕಾಯಬಹುದು

ನಾಲ್ಕು ದಿನದ ಎದೆಯುರಿಗೆ ಎಂಡೋಸ್ಕೋಪಿ ಬೇಕೆಂದು ಹಟ ಹಿಡಿಯಬೇಡಿ. ಅಪಾಯದ ಲಕ್ಷಣ ಇಲ್ಲದವರಿಗೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆಯನ್ನು ಮೊದಲು 8 ವಾರ ಕೊಟ್ಟು ನೋಡುತ್ತಾರೆ. ಅದನ್ನು ಊಟತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲೇ ನುಂಗಬೇಕು. ಉಂಡ ಮೇಲೆ ನುಂಗಿ, ಮಾತ್ರೆ ಹಿಡಿಯಲಿಲ್ಲ ಎನ್ನಬಾರದು.

ಆದರೆ ಕೆಲವರು ಕಾಯಲೇಬಾರದು. ನುಂಗಿದ ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಬಿಡದ ವಾಂತಿ: ಇವುಗಳಲ್ಲಿ ಒಂದು ಕಂಡರೂ ಬೇಗ ತೋರಿಸಿ. ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ ಆ ಹೊತ್ತಿಗೇ ಆಸ್ಪತ್ರೆ ಸೇರಿ. (ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನು ನುಂಗುತ್ತಿದ್ದರೆ ಹೇಳಿ.) ಮುದ್ದೆ ಇಳಿಯುತ್ತಿಲ್ಲವೆಂದು ಅನ್ನಕ್ಕೆ, ಅನ್ನ ಇಳಿಯದೆ ಗಂಜಿಗೆ ಬಂದು, ಗಂಜಿಯೂ ನಿಂತಾಗ ಆಸ್ಪತ್ರೆ ಮೆಟ್ಟಿಲು ಹತ್ತುವುದು ಬಹಳ ತಡ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು, ಬೀಡಿ ಸೇದುವವರು, ಹೆಂಡ ಕುಡಿಯುವವರು ಈ ಸಾಲನ್ನು ಎರಡು ಸಲ ಓದಿ. ಅನ್ನನಾಳದ ಕ್ಯಾನ್ಸರ್ ನಮ್ಮಲ್ಲಿ ಅಪರೂಪವಲ್ಲ. ಮೊದಲ ಹಂತದಲ್ಲಿ ಸಿಕ್ಕರೆ ಕೊಳವೆಯ ಮೂಲಕವೇ ತೆಗೆದುಹಾಕಬಹುದಾದ ಗಡ್ಡೆಯೂ ಉಂಟು.

ಮಾತ್ರೆ ನಿಲ್ಲಿಸುವ ವಿಚಾರ

ಹೆಚ್ಚು ಜನ ಎಡವುವುದು ಇಲ್ಲಿ. ಆಮ್ಲ ತಗ್ಗಿಸುವ ಮಾತ್ರೆ ಅನ್ನನಾಳದ ಗಾಯವನ್ನು ಮಾಯಿಸುತ್ತದೆ. ಮಾಯ್ದ ಮೇಲೆ ಕ್ಯಾಮೆರಾಗೆ ಏನೂ ಕಾಣದು. ರೋಗ ಇದೆಯೋ ಇಲ್ಲವೋ ಎಂದು ತಿಳಿಯಲು ಮಾಡುವ ಪರೀಕ್ಷೆಯಾದರೆ, ಆಗುವಂಥವರಿಗೆ 2ರಿಂದ 4 ವಾರ ಮೊದಲೇ ಆ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ದಿನಾಂಕ ಗೊತ್ತುಮಾಡುವಾಗಲೇ ಕೇಳಿ: ಯಾವತ್ತಿನಿಂದ ನಿಲ್ಲಿಸಲಿ, ನಡುವೆ ಉರಿ ಬಂದರೆ ಏನು ಕುಡಿಯಲಿ? ನೀವಾಗಿಯೇ ನಿಲ್ಲಿಸಬೇಡಿ. ಹಿಂದೆ ಹುಣ್ಣಿನಿಂದ ರಕ್ತ ಹೋದವರು, ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನುಂಗುವವರು ಅಂದಾಜಿನ ಮೇಲೆ ಯಾವ ಮಾತ್ರೆಯನ್ನೂ ಬಿಡಬಾರದು. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಮಾತ್ರೆಯ ಹೆಸರನ್ನೂ ಮುಚ್ಚಿಡಬೇಡಿ.

ವಿಶೇಷ ಬೆಳಕು

ಈಗ ಹಲವು ಕಡೆ ಎಚ್‌ಡಿ ಕ್ಯಾಮೆರಾ ಜೊತೆಗೆ ನ್ಯಾರೋ ಬ್ಯಾಂಡ್ ಇಮೇಜಿಂಗ್, ಅಂದರೆ ಎನ್‌ಬಿಐ ಇದೆ. ಡಾಕ್ಟರು ಕೈಹಿಡಿಯಲ್ಲಿರುವ ಗುಂಡಿ ಒತ್ತಿದರೆ ಬಿಳಿ ಬೆಳಕು ಹೋಗಿ 415 ನ್ಯಾನೊಮೀಟರಿನ ನೀಲಿ, 540ರ ಹಸಿರು ಬೆಳಕು ಬರುತ್ತದೆ. ರಕ್ತದ ಹಿಮೋಗ್ಲೋಬಿನ್ ಈ ಎರಡನ್ನೂ ಹೀರಿಕೊಳ್ಳುವುದರಿಂದ ಒಳಪದರದ ಎಳೆ ಎಳೆ ರಕ್ತನಾಳಗಳು ಕಂದು ಬಣ್ಣದಲ್ಲಿ ಎದ್ದು ಕಾಣುತ್ತವೆ. ಇನ್ನೊಂದು ಪೈಪ್ ಇಲ್ಲ, ಇನ್ನೊಂದು ನೋವಿಲ್ಲ. ವರ್ಷಗಟ್ಟಲೆ ಆಮ್ಲ ತಾಗಿ ಅನ್ನನಾಳದ ಕೆಳತುದಿಯ ಪದರವೇ ಬದಲಾಗುವ ಬ್ಯಾರೆಟ್ ಸ್ಥಿತಿಯಲ್ಲಿ, ಕ್ಯಾನ್ಸರಿನ ಮೊದಲ ಗುರುತಿನಲ್ಲಿ, ಯಾವ ಜಾಗದಿಂದ ಚೂರು ತೆಗೆಯಬೇಕೆಂದು ಈ ಬೆಳಕು ತೋರಿಸುತ್ತದೆ. ಹೀಗೆ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಎಂದೊಡನೆ ಹೆದರಬೇಡಿ. ಅನ್ನನಾಳದಿಂದ ಚೂರು ತೆಗೆದದ್ದು ನೋವಾಗಿ ತಿಳಿಯುವುದೇ ಇಲ್ಲ.

ಆದರೆ ಹೊಸ ಮಿಷನ್ ಬಂದಿದೆಯೆಂದು ಮರುಳಾಗಬಾರದು. ಎನ್‌ಬಿಐ ಒಂದರಿಂದಲೇ ಆಮ್ಲದ ರೋಗ ಖಚಿತವಾಗದು. ಬಿಳಿ ಬೆಳಕಿನಲ್ಲಿ ನಿಧಾನವಾಗಿ, ಶುದ್ಧವಾಗಿ ತೊಳೆದು ನೋಡುವುದೇ ತಳಪಾಯ.

ಪರೀಕ್ಷೆಯ ದಿನ

ಹಿಂದಿನ ರಾತ್ರಿ ಬೇಗ ಉಂಡು ಮುಗಿಸಿ. ಗಟ್ಟಿ ಆಹಾರಕ್ಕೆ ಕನಿಷ್ಠ 6 ಗಂಟೆ, ಬರೀ ನೀರಿಗೆ 2 ಗಂಟೆ ಬಿಡುವು ಬೇಕು. ಆಸ್ಪತ್ರೆಯವರು ಇನ್ನೂ ಹೆಚ್ಚು ಹೇಳಿದರೆ ಅದೇ ಕೊನೆ ಮಾತು. ಹಾಲು ಹಾಕಿದ ಕಾಫಿ, ಮಜ್ಜಿಗೆ, ಗಂಜಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಬಸ್ಸಿನಲ್ಲಿ ಎಲೆಅಡಿಕೆ ಮೆಲ್ಲಬೇಡಿ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಇನ್ಸುಲಿನ್ ಏನು ಮಾಡಬೇಕೆಂದು ಮುಂಚೆಯೇ ಕೇಳಿಟ್ಟುಕೊಳ್ಳಿ. ಕಟ್ಟಿಸಿದ ಹಲ್ಲಿದ್ದರೆ ತೆಗೆಯಿರಿ. ಗರ್ಭಿಣಿಯರು, ಯಾವುದಾದರೂ ಔಷಧಿ ಆಗದವರು ಮೊದಲೇ ತಿಳಿಸಿ.

ಗಂಟಲಿಗೆ ಸ್ಪ್ರೇ ಹೊಡೆದಿದ್ದರೆ ಮರಗಟ್ಟುವಿಕೆ ಪೂರ್ತಿ ಹೋಗುವವರೆಗೆ ಏನನ್ನೂ ನುಂಗಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರೆ 24 ಗಂಟೆ ಬೈಕು, ಟ್ರ್ಯಾಕ್ಟರು ಮುಟ್ಟಬಾರದು, ಕಾಗದಪತ್ರಕ್ಕೆ ಸಹಿ ಹಾಕಬಾರದು. ಒಬ್ಬರೇ ಹೋಗಬೇಡಿ.

ರಿಪೋರ್ಟ್ ಬಂದಮೇಲೆ

ನಾರ್ಮಲ್ ಎಂದು ಬರೆದಿದ್ದರೆ ಕಾಯಿಲೆಯೇ ಇಲ್ಲವೆಂದು ತಿಳಿಯಬೇಡಿ. ಎದೆಯುರಿ ಇರುವ ಬಹಳಷ್ಟು ಜನರ ಅನ್ನನಾಳದಲ್ಲಿ ಗಾಯವೇ ಇರುವುದಿಲ್ಲ. ಆಗ ಆಮ್ಲ ಎಷ್ಟು ಹೊತ್ತು ಮೇಲಕ್ಕೆ ಬರುತ್ತದೆಂದು 24 ಗಂಟೆ ಅಥವಾ ಇನ್ನೂ ಹೆಚ್ಚು ಅಳೆಯುವ ಪಿಎಚ್ ಪರೀಕ್ಷೆ ಇದೆ. ಒಟ್ಟು ಸಮಯದಲ್ಲಿ ಶೇಕಡ 6ಕ್ಕಿಂತ ಹೆಚ್ಚು ಹೊತ್ತು ಆಮ್ಲ ತಾಗಿದ್ದರೆ ರೋಗ ಖಚಿತ. ಗಾಯವಿದ್ದರೆ ಲಾಸ್ ಏಂಜಲೀಸ್ ಪದ್ಧತಿಯಲ್ಲಿ ಎ, ಬಿ, ಸಿ, ಡಿ ಎಂದು ದರ್ಜೆ ಬರೆದಿರಬೇಕು; ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಎ ದರ್ಜೆ, 5 ಮಿಲಿಮೀಟರ್ ಮೀರದ ಗೀರು, ಒಂಟಿಯಾಗಿ ಸಾಕ್ಷಿಯಾಗದು. ಬಿ, ಸಿ, ಡಿ ಇದ್ದರೆ ಸಾಕ್ಷಿ ಸಾಕು. ಫೋಟೋ ಸಮೇತ ರಿಪೋರ್ಟನ್ನು, ಆಮೇಲೆ ಬರುವ ಬಯಾಪ್ಸಿ ಕಾಗದವನ್ನು ಒಂದೇ ಫೈಲಿನಲ್ಲಿಡಿ. ಬಯಾಪ್ಸಿ ಫಲ ತರಲು ಮತ್ತೊಮ್ಮೆ ಹೋಗಲೇಬೇಕು.

ಮನೆಗೆ ಬಂದಮೇಲೆ ಎದೆಯಲ್ಲೋ ಹೊಟ್ಟೆಯಲ್ಲೋ ಜೋರು ನೋವು, ಜ್ವರ, ಉಸಿರಾಟದ ತೊಂದರೆ, ರಕ್ತ ವಾಂತಿ, ಕಪ್ಪು ಮಲ ಕಂಡರೆ ಬೆಳಗಾಗಲಿ ಎನ್ನದೆ ಹೊರಡಿ. ಸಿ, ಡಿ ದರ್ಜೆ ಬಂದವರು ಮಾತ್ರೆ ಮುಗಿಸಿ, ಡಾಕ್ಟರು ಹೇಳಿದ ಹೊತ್ತಿಗೆ ಇನ್ನೊಮ್ಮೆ ಎಂಡೋಸ್ಕೋಪಿ ಮಾಡಿಸಿಕೊಳ್ಳಲೇಬೇಕು. ಉರಿ ನಿಂತಿದೆಯೆಂದು ಅದನ್ನು ಬಿಡಬಾರದು. ಗಾಯದ ಕೆಳಗೆ ಬ್ಯಾರೆಟ್ ಅಡಗಿದ್ದರೆ ಗಾಯ ಮಾಯ್ದ ಮೇಲಷ್ಟೇ ಅದು ಕಾಣುತ್ತದೆ.